ಪಿಕಳಾರದ ಗೂಡಿಗೆ ಶಿಫ್ಟ್ ಡ್ಯೂಟಿ

ಆಗ ದೋಹಾದಲ್ಲಿ ಮನೆಗಳ ಕಿಟಕಿಗಳು ತೆರೆಯುತ್ತಿದ್ದವು. ಬಿನ್ ಮಹಮೂದ್ ಬಡಾವಣೆಯ ನಮ್ಮ ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ ಶುಕ್ರವಾರ ಬಂತೆಂದರೆ ಒಂದು ಕಿಟಕಿಯಿಂದ ಬಿರಿಯಾನಿ, ಇನ್ನೊಂದರಿಂದ ಬಂಗುಡೆ ಹುರಿದ ವಾಸನೆ ಬಂದು ನಮ್ಮ ಬಾಲ್ಕನಿಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದವು.

ನನಗೆ ಒಂಬತ್ತು ವರ್ಷ. ನಾನೂ ಉಮ್ಮನೂ ವಿಟ್ಲದಿಂದ ಉಪ್ಪನ ಬಳಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಸೆಕೆ ಇನ್ನೂ ಏರಿರದ ಒಂದು ಬೆಳಿಗ್ಗೆ ಬಾಲ್ಕನಿಯ ಕಂಬಿಯ ಮೇಲೆ ಎರಡು ಗೊರವಂಕಗಳು ಬಂದು ಕೂತವು.

“ಯಾ ಅಲ್ಲಾ, ಇದು ನಮ್ಮೂರಿನದ್ದಲ್ವಾ!” ಎಂದು ಉಮ್ಮ ಸೌಟು ಹಿಡಿದೇ ಓಡಿ ಬಂದರು. ಊರಿನಿಂದ ಯಾರಾದರೂ ಬಂದರೆ ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅಂದಿನಿಂದ ದಿನಾ ಅವಕ್ಕೆ ಪತ್ತಿರ್ ಸಮಾರಾಧನೆ. ಅಕ್ಕಿರೊಟ್ಟಿಯನ್ನು ಸಣ್ಣಗೆ ಹರಿದು ಹಾಕುವುದು ನನ್ನ ಕೆಲಸ. ತಿಂಗಳೊಳಗೆ ಎರಡಿದ್ದದ್ದು ಹತ್ತಾಯಿತು.

“ಊರಿನ ನೆಂಟರಿಗೆ ಪತ್ತಿರ್, ನನಗೆ ಅಂಗಡಿಯ ಕುಬ್ಬೂಸ್ ರೊಟ್ಟಿ,” ಎಂದು ಉಪ್ಪ ಗೊಣಗುತ್ತಿದ್ದರು. ಅವರಿಗೆ ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟಿನ ಶಿಫ್ಟ್ ಕೆಲಸ.

ಬಾಲ್ಕನಿಗೆ ಹಬ್ಬಿದ್ದ ಕಾಗದದ ಹೂವಿನ ಬಳ್ಳಿಯಲ್ಲಿ ಆಗಲೇ ಬಿಳಿಕೆನ್ನೆಯ ಪಿಕಳಾರವೊಂದು ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡುತ್ತೇನೆ, ಒಂದು ಮೊಟ್ಟೆ ನೆಲದಲ್ಲಿ ಒಡೆದು ಬಿದ್ದಿದೆ. ಪಕ್ಕದಲ್ಲೇ ನಮ್ಮ ನೆಂಟ ಗೊರವಂಕ ಕೊಕ್ಕು ಒರೆಸಿಕೊಳ್ಳುತ್ತಿದೆ! ನನ್ನ ಅಳು ಕೇಳಿ ಕೆಳಗಿನ ಮನೆಯ ಲೀನಾ ಆಂಟಿ ಬಂದರು. ಮಂಗಳೂರಿನ ನರ್ಸ್, ರಜೆ ಸಿಕ್ಕಿದರೆ ದುರ್ಬೀನು ಹಿಡಿದು ಹಕ್ಕಿ ನೋಡಲು ಹೋಗುವವರು.

“ಗೊರವಂಕ ಈ ಊರಿನದ್ದಲ್ಲ ಮಗಾ. ಯಾರೋ ಪಂಜರದಲ್ಲಿ ತಂದದ್ದು, ತಪ್ಪಿಸಿಕೊಂಡು ಹೆಚ್ಚಾಗಿದೆ. ಬೇರೆ ಹಕ್ಕಿಗಳ ಗೂಡು ಹಾಳು ಮಾಡ್ತದೆ. ನೀವು ತಿನ್ಲಿಕ್ಕೆ ಹಾಕಿದ್ರೆ ಇಲ್ಲಿಂದ ಹೋಗುವುದಾದ್ರೂ ಯಾಕೆ?”

ಉಮ್ಮನ ಮುಖ ಸಣ್ಣದಾಯಿತು. ತಪ್ಪು ನಮ್ಮದೇ. ಅಂದೇ ಪತ್ತಿರ್ ಹಾಕುವುದು ನಿಂತಿತು. ಉಳಿದ ಎರಡು ಮೊಟ್ಟೆಯಾದರೂ ಮರಿಯಾಗಿ ಹಾರಬೇಕು ಎಂದು ನನಗೆ ಹಟ ಹುಟ್ಟಿತು. ಆದರೂ ಒಂದು ಸಂಶಯ.

“ಉಪ್ಪಾ, ನಾವೂ ಈ ಊರಿನವರಲ್ಲವಲ್ಲ?”

“ನಮಗೆ ವೀಸಾ ಉಂಟು,” ಎಂದರು ಉಪ್ಪ. ಮತ್ತೆ ಸ್ವಲ್ಪ ಯೋಚಿಸಿ, “ನಾವು ಯಾರ ಮೊಟ್ಟೆಯನ್ನೂ ಒಡೆದಿಲ್ಲ,” ಎಂದರು.

ಆ ಸಂಜೆಯೇ ಅವರು ಕಂಪನಿಯ ಠೀವಿಯಲ್ಲಿ ಗೂಡು ಕಾಯುವ ಡ್ಯೂಟಿ ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದರು. ಬೆಳಿಗ್ಗೆ ಉಮ್ಮ, ಮಧ್ಯಾಹ್ನ ಮೇಲಿನ ಮಹಡಿಯ ಬ್ಯಾಚುಲರ್‌ಗಳು, ಶಾಲೆ ಬಿಟ್ಟ ಮೇಲೆ ನಾನು, ಕ್ಲಿನಿಕ್ಕಿನಿಂದ ಬಂದ ಮೇಲೆ ಲೀನಾ ಆಂಟಿ. ಆಫ್ ಇದ್ದ ದಿನ ಉಪ್ಪನೇ ಪ್ಲಾಂಟಿನ ಬಿಳಿ ಹೆಲ್ಮೆಟ್ ಹಾಕಿಕೊಂಡು, ಹೆಗಲ ಬೈರಾಸು ಬೀಸುತ್ತ ಬಾಲ್ಕನಿಯಲ್ಲಿ ಕೂರುತ್ತಿದ್ದರು. “ಯಲ್ಲಾ, ಯಲ್ಲಾ! ಮಾಫಿ ಪತ್ತಿರ್! ಖಲಾಸ್!” ಹೊರಡಿ, ಪತ್ತಿರ್ ಇಲ್ಲ, ಮುಗಿಯಿತು ಎಂದು ಅರಬಿಯಲ್ಲೇ ಗದರಿಕೆ. ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಿದ್ದರು. ನಗುವಿಗೆ ನನ್ನ ಹೊಟ್ಟೆ ಹುಣ್ಣಾಗುತ್ತಿತ್ತು.

ಉಮ್ಮನಿಗೆ ಮಾತ್ರ ಕಷ್ಟವಾಯಿತು. ಗೊರವಂಕಗಳು ಬಂದು ಬಾಗಿಲಿನ ಗಾಜನ್ನು ಕುಟ್ಟುತ್ತಿದ್ದವು. ಅವರು ಕೈ ಬೀಸಿ ಓಡಿಸಿ, ಒಳಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನೋಡಿದರೆ, “ಈರುಳ್ಳಿ,” ಎನ್ನುತ್ತಿದ್ದರು. ಕೈಯಲ್ಲಿ ಈರುಳ್ಳಿ ಇರುತ್ತಿರಲಿಲ್ಲ. ಆದರೆ ಒಂದು ದಿನವೂ ಡ್ಯೂಟಿ ತಪ್ಪಿಸಲಿಲ್ಲ ನನ್ನ ಉಮ್ಮ.

ಎರಡೂ ಮೊಟ್ಟೆ ಒಡೆದು ಮರಿಗಳು ಬಂದವು. ಕೊನೆಗೆ ಒಂದು ಶುಕ್ರವಾರ, ಗಂಡಸರು ಜುಮಾ ನಮಾಜಿಗೆ ಹೊರಡುವ ಹೊತ್ತಿಗೆ, ಮೊದಲನೆಯದು ಕಂಬಿಗೆ ಹಾರಿತು. ಎರಡನೆಯದು ಹೆದರಿ ಕೂತೇ ಇತ್ತು. ಐದು ಮನೆಯವರು ನಮ್ಮ ಬಾಲ್ಕನಿಯ ಬಾಗಿಲಲ್ಲಿ ಒತ್ತೊತ್ತಾಗಿ ಉಸಿರು ಬಿಗಿಹಿಡಿದು ನಿಂತಿದ್ದರು. ಅದೂ ಹಾರಿತು! ನಾನು ಕುಣಿದ ಕುಣಿತಕ್ಕೆ ಬಕೆಟ್ ಮಗುಚಿತು. ಉಮ್ಮ ಅಂದು ಕಟ್ಟಡಕ್ಕೆಲ್ಲ ಪತ್ತಿರ್, ಕೋಳಿಸಾರು ಹಂಚಿದರು.

ಆ ಕಟ್ಟಡ ಈಗಿಲ್ಲ. ನಾನೀಗ ದೋಹಾದ ಪಕ್ಕದ ಹೊಸ ನಗರ ಲುಸೈಲ್‌ನಲ್ಲಿದ್ದೇನೆ. ನನ್ನ ಹತ್ತಿರವೂ ಒಳ್ಳೆಯ ದುರ್ಬೀನು ಉಂಟು, ನೋಡಿದ ಹಕ್ಕಿಗಳ ಉದ್ದ ಪಟ್ಟಿಯೂ ಉಂಟು. ಪಕ್ಕದ ಫ್ಲ್ಯಾಟಿನವರ ಬಾಲ್ಕನಿಯ ಗಿಡದಲ್ಲಿ ಪಿಕಳಾರ ಗೂಡು ಕಟ್ಟುತ್ತಿರುವುದು ನನ್ನ ತೆರೆಯದ ಗಾಜಿನಾಚೆ ಸ್ಪಷ್ಟವಾಗಿ ಕಾಣುತ್ತದೆ. ಕಂಬಿಯ ಮೇಲೆ ಗೊರವಂಕ ಹೊಂಚುತ್ತಿರುವುದೂ ಕಾಣುತ್ತದೆ. ಆ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಹಕ್ಕಿಯ ವಿಷಯ ಹೇಳಲಿಕ್ಕೆ ಅಪರಿಚಿತರ ಬಾಗಿಲು ತಟ್ಟಿದರೆ ಏನಂದುಕೊಂಡಾರು ಎಂದು ಸಂಕೋಚ. ಮೂರು ದಿನವಾಯಿತು, ಅವರ ಬೆಲ್ ನಾನಿನ್ನೂ ಒತ್ತಿಲ್ಲ.