ವೆಂಕಪ್ಪ ಮಾವನ ಎಡಗಡೆಯ ಬೇರಿಂಗು

ಕಳೆದ ವಾರ ಪುತ್ತೂರಿನ ಒಂದು ಗ್ಯಾರೇಜಿನಲ್ಲಿ ಕಾರು ಬಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ ಹಳೆಯ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದ. ಎಣ್ಣೆಯದೋ ಕಬ್ಬಿಣದ್ದೋ ಎಂದು ಹೇಳಲಾಗದ ಆ ವಾಸನೆ ಮೂಗಿಗೆ ಬಡಿಯಿತು. "ಜನ ಜಾಸ್ತಿ ಹಾಕ್ತೀರಾ ಸರ್?" ಎಂದು ಆತ ಕೇಳಿದ. "ಇಲ್ಲಪ್ಪ, ನಾನೊಬ್ಬನೇ ಹೋಗುದು" ಎಂದೆ, ಬಹಳ ಶಿಸ್ತಿನ ಮನುಷ್ಯನ ಹಾಗೆ. ಹೇಳಿದ ಮೇಲೆ ನಾಚಿಕೆಯಾಯಿತು. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಸೋದರಮಾವ ವೆಂಕಪ್ಪ ಗೌಡರ ಕಾರಿನ ಕತೆ ಕೇಳಬೇಕು. ಅದರಲ್ಲಿ ನನ್ನ ಪೆದ್ದುತನದ ಪಾಲು ಸ್ವಲ್ಪ ಹೆಚ್ಚೇ ಇದೆ.

ಮಾವ ಮರ್ಕಂಜದವರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಯಾರೋ ಓಡಿಸಿ ಬಿಟ್ಟ ಒಂದು ಹಳೆಯ ಕಾರು ತೆಗೆದುಕೊಂಡಿದ್ದರು. ಆ ಕಾರು ಖಾಲಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ರಸ್ತೆ ಬದಿಯಲ್ಲಿ ಒಬ್ಬರು ನಿಂತಿದ್ದರೆ ಸಾಕು, "ಬನ್ನಿ ಮಾರಾಯ್ರೆ, ಒಂದು ಜಾಗ ಉಂಟು" ಎಂದು ನಿಲ್ಲಿಸಿಬಿಡುತ್ತಿದ್ದರು. ಎಷ್ಟು ಜನ ಹತ್ತಿದರೂ ಆ ಒಂದು ಜಾಗ ಹಾಗೇ ಉಳಿಯುತ್ತಿತ್ತು. ತಮ್ಮದೇ ಮನೆಯ ಗೇಟಿನ ಮುಂದೆ ಸುಮ್ಮನೆ ನಿಂತಿದ್ದವರೊಬ್ಬರನ್ನು ಮಾತಿಗೆ ಬಿಡುವು ಕೊಡದೆ ಸುಳ್ಯಕ್ಕೆ ಮುಟ್ಟಿಸಿ, ಪುನಃ ತಂದು ಬಿಟ್ಟದ್ದೂ ಇದೆ. ಮನೆಯಲ್ಲಿ ಅತ್ತೆಯ ಹತ್ತಿರ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ ಸ್ಟೇರಿಂಗ್ ಹಿಡಿದರೆ ಬಾಯಿ ಮುಚ್ಚುತ್ತಿರಲಿಲ್ಲ. ಅಂಗನವಾಡಿಯ ಕಮಲಕ್ಕನಿಗೆ ಗಂಟುನೋವು. ಅವರಂತೂ ಬಸ್ಸಿನ ಹೊತ್ತನ್ನೇ ಮರೆತು ಮಾವನ ಕಾರಿನ ಹೊತ್ತು ನೋಡಿ ಹೊರಡುತ್ತಿದ್ದರು.

ಕಾಯಿಲೆ ಸುರುವಾದದ್ದು ಒಂದು ಚಳಿಗಾಲದಲ್ಲಿ. ಹಿಂದಿನ ಎಡಚಕ್ರದಿಂದ ದುಂಬಿ ಹಾರಿದ ಹಾಗೆ ಗುಂಯ್ ಎಂದು ಸದ್ದು. ಸುಳ್ಯದಲ್ಲಿ ಗ್ಯಾರೇಜು ಇಟ್ಟಿದ್ದ ಹಮೀದ್ ಬೇರಿಂಗ್ ಬದಲಿಸಿದ. ಎರಡು ತಿಂಗಳಾಗುವಾಗ ಅದೇ ಚಕ್ರ, ಅದೇ ಸದ್ದು. ಮತ್ತೆ ಬದಲಿಸಿದ. ಮೂರನೆಯ ಸಲ ಕಡಬದ ಹತ್ತಿರ ಆಕ್ಸಲ್ಲೇ ತುಂಡಾಗಿ ಚಕ್ರ ಹೊರಗೆ ವಾಲಿತು. ಒಳಗೆ ಏಳು ಜನ. ನಿಧಾನ ಹೋಗುತ್ತಿದ್ದ ಕಾರಣ ಯಾರಿಗೂ ಏನೂ ಆಗಲಿಲ್ಲ, ಆದರೆ ಮಾವ ಹೆದರಿಬಿಟ್ಟರು.

ಆಗ ಪ್ರವೇಶವಾದದ್ದು ನನ್ನದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಮಾವನ ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಕ್ಸಲ್ ಬರೆದೆ, ಬಾಣದ ಗುರುತು ಹಾಕಿದೆ, ತೀರ್ಪು ಕೊಟ್ಟೆ.

"ಭಾರ ಮಾವ. ಜನರ ಭಾರ. ಇನ್ನು ಕಾರಿನಲ್ಲಿ ಇಬ್ಬರೇ. ಇಲ್ಲದಿದ್ರೆ ಒಂದು ದಿನ ಯಾರದ್ದಾದ್ರೂ ಜೀವ ಹೋಗ್ತದೆ."

"ಇಬ್ಬರಂದ್ರೆ ನಾನು ಸೇರಿಯಾ?"

"ನೀವು ಸೇರಿ."

ಹಮೀದನಿಗೆ ಮಾತ್ರ ಸಮಾಧಾನವಿರಲಿಲ್ಲ. "ಭಾರ ಆಗಿದ್ರೆ ಎಡದ್ದೇ ಯಾಕೆ ಹೋಗುದು ಮಾಷ್ಟ್ರೇ?" ಎಂದು ತಲೆ ಕೆರೆದ. ಎದುರಿನ ಬಸ್ಸಿಗೆ ದಾರಿ ಬಿಡುವಾಗ ಎಡಚಕ್ರ ಡಾಮರಿನಿಂದ ಕೆಳಗೆ ಇಳಿಯುತ್ತದಲ್ಲ, ಅದಕ್ಕೇ ಎಂದೆ. ಓದಿದವನಿಗೆ ಉತ್ತರಕ್ಕೇನು ಬರ?

ಮಾವ ಮರುದಿನದಿಂದ ಯಾರನ್ನೂ ಹತ್ತಿಸಲಿಲ್ಲ. ಒಬ್ಬರನ್ನು ಹತ್ತಿಸಬಹುದಲ್ಲ ಎಂದರೆ, "ಐದು ಜನ ನಿಂತಲ್ಲಿ ಒಬ್ಬರನ್ನು ಹೇಗೆ ಆರಿಸುದು?" ಎಂದರು. ಬಸ್ ಸ್ಟಾಪ್ ಬಂದಾಗ ಕುತ್ತಿಗೆ ಆಚೀಚೆ ತಿರುಗಿಸದೆ ನೆಟ್ಟಗೆ ನೋಡಿಕೊಂಡು ದಾಟುತ್ತಿದ್ದರು. ಕಾರಣವನ್ನು ಯಾರಿಗೂ ಹೇಳಲಿಲ್ಲ. ನಿಮ್ಮಿಂದಾಗಿ ನನ್ನ ಕಾರು ಹಾಳಾಯಿತು ಎಂದು ಜನರ ಮುಖಕ್ಕೆ ಹೇಳುವ ಬಾಯಿ ಅವರಿಗಿರಲಿಲ್ಲ. ಒಂದು ದಿನ ಹೋಟೆಲಿನಲ್ಲಿ ಹಿಂದಿನ ಬೆಂಚಿನಿಂದ ಮಾತು ಕೇಳಿತು: "ಗೌಡ್ರಿಗೆ ಈಗ ಜನ ಕಾಣುದಿಲ್ಲ." ಮಾವ ಅರ್ಧ ಚಹಾ ಬಿಟ್ಟು ಎದ್ದರು. ಅಲ್ಲೇ ಕೂತಿದ್ದ ನಾನು ನನ್ನ ಚಹಾ ಪೂರ್ತಿ ಕುಡಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಮಳೆಗಾಲ ಮುಗಿಯುವವರೆಗೆ ಬೇರಿಂಗು ಸದ್ದು ಮಾಡಲಿಲ್ಲ ನೋಡಿ. "ಕಂಡಿರಾ ಮಾವ?" ಎಂದು ನಾನು ಊರೆಲ್ಲ ಬೀಗಿದೆ.

ದೀಪಾವಳಿ ಕಳೆದು ತಿಂಗಳಾಗಲಿಲ್ಲ, ಗುಂಯ್. ಕಾರಿನಲ್ಲಿ ಇದ್ದದ್ದು ಮಾವ ಒಬ್ಬರೇ, ಗಾಳಿಗೆ ಹಾರುವಂಥ ಆಳು. ನನ್ನ ಸೀಮೆಸುಣ್ಣದ ತೀರ್ಪು ಸುಳ್ಳಾಯಿತು.

ಈ ಸಲ ಹಮೀದ್ ನಮ್ಮನ್ನು ಎದುರು ಕೂರಿಸಿಕೊಂಡೇ ಬಿಚ್ಚಿದ. ಗ್ರೀಸು ಹಾಲು ಹೊಯ್ದ ಚಹಾದ ಬಣ್ಣಕ್ಕೆ ತಿರುಗಿತ್ತು. ಬೇರಿಂಗಿನ ಗುಂಡುಗಳಲ್ಲಿ ತುಕ್ಕಿನ ಚುಕ್ಕಿ.

"ಇದು ನೀರು ಗೌಡ್ರೆ. ಮಳೆಯಲ್ಲಿ ಎಂತದೂ ಆಗ್ಲಿಲ್ಲ, ಮಳೆ ನಿಂತ ಮೇಲೆ ನೀರು ಎಲ್ಲಿಂದ ಬರುದು? ಸುಳ್ಯದಿಂದ ಹೋಗಿ ಗಾಡಿ ಎಲ್ಲಿ ನಿಲ್ಲಿಸ್ತೀರಿ?"

"ಮನೆಯಲ್ಲಿ."

"ಅದಕ್ಕಿಂತ ಮೊದಲು?"

"ತೋಡಲ್ಲಿ," ಎಂದರು ಮಾವ, ಇದೂ ಒಂದು ಪ್ರಶ್ನೆಯಾ ಎಂಬಂತೆ.

ಮಾವ ಎಳವೆಯಿಂದ ಗದ್ದೆಯಲ್ಲಿ ಕೋಣ ಹೂಡಿದವರು. ಉತ್ತು ಬಂದ ಜೋಡಿಯನ್ನು ಹಾಗೇ ಹಟ್ಟಿಗೆ ಕಟ್ಟುವ ಕ್ರಮವಿಲ್ಲ. ಮೊದಲು ತೋಡಿನ ಹರಿಯುವ ನೀರಿಗೆ ಇಳಿಸಿ, ಮೈ ತಿಕ್ಕಿ, ಕೆಸರು ತೆಗೆದು ತರಬೇಕು. ಕೋಣ ಹೋಯಿತು, ಗದ್ದೆ ಹೋಯಿತು, ಕ್ರಮ ಉಳಿಯಿತು. ಸಂಜೆ ರಸ್ತೆಯಿಂದ ಬಂದ ಕಾರನ್ನು ಮಾವ ಸೀದಾ ಮನೆಯ ಕೆಳಗಿನ ತೋಡಿಗೆ ಹಿಮ್ಮುಖವಾಗಿ ಇಳಿಸುತ್ತಿದ್ದರು. ಇಂಜಿನಿಗೆ ನೀರು ತಾಗಬಾರದೆಂದು ಮುಂದಿನ ಚಕ್ರ ದಡದಲ್ಲಿ, ಹಿಂದಿನದು ಅರ್ಧ ನೀರಿನಲ್ಲಿ. ಎಡಬದಿಗೆ ತೋಡು ಒಂದು ಗೇಣು ಹೆಚ್ಚು ಆಳ. ತೆಂಗಿನ ಸಿಪ್ಪೆಯಲ್ಲಿ ತಿಕ್ಕುತ್ತಾ ಕಾರಿನೊಡನೆ ಏನೋ ಮಾತಾಡುತ್ತಿದ್ದರು. ಮಳೆಗಾಲದಲ್ಲಿ ತೋಡು ತುಂಬಿ ಹರಿಯುವ ಕಾರಣ ಸ್ನಾನಕ್ಕೆ ರಜೆ. ಇದನ್ನೆಲ್ಲ ನಾನೂ ಅತ್ತೆಯೂ ಎಷ್ಟೋ ಸಲ ನೋಡಿದ್ದೆವು, ನೋಡಿ ನೋಡಿ ಅಭ್ಯಾಸವಾಗಿತ್ತು.

"ಗುಡ್ಡೆ ಇಳಿದು ಬಂದ ಚಕ್ರದ ಕಬ್ಬಿಣ ಬ್ರೇಕಿಗೆ ಕಾದಿರ್ತದೆ," ಎಂದ ಹಮೀದ್. "ಅದನ್ನು ತಣ್ಣೀರಿಗೆ ಹಾಕಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳ್ಕೊಳ್ತದೆ. ಗಾಳಿ ಆಡ್ಲಿಕ್ಕೆ ಆಕ್ಸಲಿನ ಮೇಲೆ ಒಂದು ಸಣ್ಣ ತೂತು ಉಂಟು, ಅದೂ ಮಣ್ಣು ಹಿಡಿದು ಮುಚ್ಚಿದೆ. ನಿಮಗೆ ಗೊತ್ತುಂಟಲ್ಲ ಮಾಷ್ಟ್ರೇ."

ಗೊತ್ತಿತ್ತು. ಬಿಸಿಮಾಡಿದ ಬಾಟಲಿಯ ಬಾಯನ್ನು ನೀರಿಗೆ ಕವುಚಿ, ನೀರು ಮೇಲೇರುವುದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಳ್ಳುವವನು ನಾನೇ.

ಪ್ರೀತಿಯಿಂದ ಮಾಡಿದ್ದೇ ಮುಳುವಾಯಿತೆಂದು ಮಾವನಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ. ಅವರು ತೋಡಿನ ಸುದ್ದಿಯನ್ನೇ ಎತ್ತಲಿಲ್ಲ.

"ಹಾಗಾದ್ರೆ ಜನರಿಂದ ಅಲ್ಲ?"

"ಜನ ಎಂತ ಮಾಡಿದ್ದಾರೆ ಮಾರಾಯ್ರೆ? ಐದು ಜನ ಧಾರಾಳ ಕೂರ್ಲಿ."

"ಆರು?"

"ಐದು," ಎಂದ ಹಮೀದ್. ಮಾವ ನಕ್ಕರು, ಕಣ್ಣು ತುಂಬಿತ್ತು. ಹೆಗಲ ಬೈರಾಸಿನಲ್ಲಿ ಒರೆಸಿಕೊಂಡರು.

ಕಾರು ಸಿಕ್ಕಿದ ದಿನ ನಾನೂ ಜೊತೆಗಿದ್ದೆ. ಸ್ಟಾಪಿನಲ್ಲಿ ಕಮಲಕ್ಕ ನಿಂತಿದ್ದರು. ಮಾವ ನಿಲ್ಲಿಸಿ ಕರೆದರು. ಕಮಲಕ್ಕ ಬಸ್ಸು ಬರುವ ದಿಕ್ಕು ನೋಡುತ್ತಾ, "ಬೇಡ ಗೌಡ್ರೆ, ನಿಮಗ್ಯಾಕೆ ಸುಮ್ಮನೆ ತೊಂದ್ರೆ" ಎಂದರು. ಮಾವನ ಮುಖ ಸಣ್ಣದಾಯಿತು. ಆಗಲೂ ಅವರು ನನ್ನ ಹೆಸರು ಹೇಳಲಿಲ್ಲ. ನಾನು ಬಾಗಿಲು ತೆಗೆದು ಕೆಳಗಿಳಿದೆ.

"ತಪ್ಪು ನಂದು ಕಮಲಕ್ಕ. ಜನರಿಂದ ಚಕ್ರ ಹಾಳಾಗುದು ಅಂತ ಹೇಳಿದ್ದು ನಾನು. ಅದು ಸುಳ್ಳಾಯ್ತು. ಮಾವ ನನ್ನ ಮಾತು ನಂಬಿದ್ರು, ಅಷ್ಟೇ."

ಕಮಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಮಾತು ನಮಗೂ ಹೇಳ್ಬಹುದಿತ್ತು. ನಾವು ಎಂತ ತಪ್ಪು ಮಾಡಿದ್ದೇವೆ ಅಂತ ಎಷ್ಟು ದಿನ ಆಲೋಚನೆ ಮಾಡಿದ್ದೇನೆ ಗೊತ್ತುಂಟಾ?" ಎಂದರು. ಮತ್ತೆ ಕೊಡೆ ಮಡಚಿ ನಿಧಾನ ಹತ್ತಿದರು. ಒಂದು ಮೈಲು ಮಾವ ತುಟಿ ಬಿಚ್ಚಲಿಲ್ಲ. ಅಲ್ಲಿಂದ ಮುಂದೆ ನಮಗಿಬ್ಬರಿಗೂ ಮಾತಾಡಲು ಬಿಡಲಿಲ್ಲ.

ಆಮೇಲೆ ಕಾರಿಗೆ ಅಂಗಳದಲ್ಲೇ, ತಣಿದ ಮೇಲೆ, ಬಾಲ್ದಿ ನೀರಿನ ಸ್ನಾನ. ಬೇರಿಂಗು ಮತ್ತೆ ಸದ್ದು ಮಾಡಲಿಲ್ಲ. ಮಾವ ಕೊನೆಯವರೆಗೂ ನನ್ನನ್ನು ಆ ವಿಷಯಕ್ಕೆ ತಮಾಷೆ ಕೂಡ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಹೋಗಿ ಮೂರು ವರ್ಷವಾಯಿತು. ಈಗ ನನ್ನದೇ ಕಾರಿದೆ. ಅವಸರ ಇದೆ, ಅಪರಿಚಿತರು ಎಂಬ ಭಯ ಇದೆ, ಯಾರನ್ನೂ ಹತ್ತಿಸದಿರಲು ನನ್ನ ಹತ್ತಿರ ಕಾರಣಗಳಿಗೆ ಕೊರತೆ ಇಲ್ಲ.

ಗ್ಯಾರೇಜಿನಿಂದ ಕಾರು ಬಿಡಿಸಿಕೊಂಡು ಪಂಜಕ್ಕೆ ಹೊರಟವನು ನರಿಮೊಗರಿನ ಸ್ಟಾಪನ್ನು ಎಂದಿನಂತೆ ದಾಟಿದೆ. ದಾಟಿದವನು ನಿಲ್ಲಿಸಿ, ಹಿಂದಕ್ಕೆ ಬಂದೆ. ಕೈಯಲ್ಲಿ ಮದ್ದಿನ ಚೀಲ ಹಿಡಿದ ಒಬ್ಬ ಅಜ್ಜಿ. ಹತ್ತಿ ಕೂತು, ಇಷ್ಟು ದೊಡ್ಡ ಕಾರಿನಲ್ಲಿ ನಾನೊಬ್ಬನೇ ಇರುವುದನ್ನು ಕಂಡು ಕೇಳಿದರು:

"ಬೇರೆ ಯಾರಾದ್ರು ಹತ್ಲಿಕ್ಕೆ ಉಂಟಾ ಮಗ?"

"ಉಂಟು ಅಜ್ಜಿ," ಎಂದೆ, "ದಾರಿಯಲ್ಲಿ."