ರಾತ್ರಿ ಪಾಳಿಯ ಮನೆ

ನನ್ನ ದನಿ ದೊಡ್ಡದು. ದಾಂಡೇಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ, ‘ಇಕಿ ಅಡಗಿಮನ್ಯಾಗ ಮಾತಾಡಿದ್ರ ಹೊಳಿ ಆಚೆ ಕೇಳಸ್ತೈತಿ’ ಎಂದು ಮನೆಗೆ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದರು. ನಾನು ಧಾರವಾಡ ಜಿಲ್ಲೆಯ ದೊಡ್ಡ ಕುಟುಂಬವೊಂದರಲ್ಲಿ ಬೆಳೆದವಳು. ಅಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಆ ದನಿಯನ್ನೇ ನಂಬಿಕೊಂಡು ಇಲ್ಲಿನ ಕಾನ್ವೆಂಟ್ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ್ದೇನೆ. ಬಾಯೊಳಗೇ ಮಾತು ನುಂಗುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು.

ಈಚೆಗೆ ನಮ್ಮ ಶಾಲೆಗೆ ಹೊಸ ಹೆಡ್ ಸಿಸ್ಟರ್ ಬಂದರು. ಮಂಗಳೂರು ಕಡೆಯವರು, ಪುಸ್ತಕದ ಕನ್ನಡ. ‘ಪ್ರತಿಯೊಂದು ಮಗುವಿಗೂ ತನ್ನದು ಅನ್ನುವಂಥದ್ದು ಏನಾದರೂ ಒಂದು ಇರಬೇಕು’ ಎಂದು ಮೊದಲ ಸಭೆಯಲ್ಲೇ ಹೇಳಿದರು. ಆಮೇಲೆ ನಮಗೆ ಉಸಿರಾಡಲು ಬಿಡುವಿಲ್ಲ. ಬ್ಯಾಂಡ್ ಶುರುವಾಯಿತು, ಹುಡುಗಿಯರ ಫುಟ್‌ಬಾಲ್ ಶುರುವಾಯಿತು, ಗೈಡ್ಸ್ ಮಕ್ಕಳು ಮೌಳಂಗಿಗೆ ಹೋಗಿ ಹೊಳೆದಂಡೆಯ ಪ್ಲಾಸ್ಟಿಕ್ ಹೆಕ್ಕಿ ಬಂದರು. ಜೋಯಿಡಾದಿಂದ ಬಂದು ಹಾಸ್ಟೆಲ್ಲಿನಲ್ಲಿರುವ ಹುಡುಗರು ಊಟದ ಸಾಲಿನಲ್ಲಿ ಕೊಂಕಣಿಯಲ್ಲಿ ಜಗಳಾಡಿ, ಸಂಜೆ ಒಟ್ಟಿಗೆ ನಿಂತು ಡ್ರಮ್ ಬಾರಿಸಿದರು. ಮುಂಡಗೋಡದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ‘ಹಿಂಗಾದ್ರ ಪಾಠ ಯಾವಾಗ ಮುಗಸೂದ್ರಿ?’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಗೊಣಗಿದವಳು ನಾನೇ. ಆದರೆ ಸುಳ್ಳು ಯಾಕೆ ಹೇಳಲಿ, ಶಾಲೆಗೆ ಜೀವ ಬಂದಿತ್ತು.

ಹಳಿಯಾಳದಲ್ಲಿ ಹೈಸ್ಕೂಲು ಮಕ್ಕಳ ಭಾಷಣ ಸ್ಪರ್ಧೆ ಎಂದು ಸುದ್ದಿ ಬಂದಾಗ ಅದು ನನ್ನ ಕೊರಳಿಗೆ ಬಿತ್ತು. ವಿಷಯ ‘ನನ್ನ ಊರು’. ಎಲ್ಲರಿಗೂ ಬರೆಯಲು ಹೇಳಿದೆ. ಬಹಳ ಜನ ಕಾಡು, ಕಾಳಿ ಹೊಳೆ, ನೋಡಲು ಬರುವ ಪ್ರವಾಸಿಗರು ಎಂದು ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಬರೆದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. ‘ನಮ್ಮ ಊರಿಗೆ ಗಡಿಯಾರ ಬೇಡ. ಗಿರಣಿಯ ಭೋಂಗಾ ಕೂಗಿದರೆ ಒಬ್ಬರ ಅಪ್ಪ ಮನೆಯಿಂದ ಹೊರಡುತ್ತಾನೆ, ಇನ್ನೊಬ್ಬರ ಅಪ್ಪ ಮನೆಗೆ ಬರುತ್ತಾನೆ’ ಎಂದು ಅದು ಶುರುವಾಗುತ್ತಿತ್ತು.

ಅವಳ ಅಪ್ಪ ಕಾಗದದ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಹೋದ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡಿದ್ದ. ಇದು ನಮಗೆಲ್ಲ ಗೊತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಆಗಿನ ಹೆಡ್ ಸಿಸ್ಟರ್ ಅವನ ಹೆಸರು ಹೇಳಿ ಎಲ್ಲರನ್ನೂ ಮೌನವಾಗಿ ನಿಲ್ಲಿಸಿದ್ದರು. ಅವಳು ಬರೆದದ್ದನ್ನು ಇನ್ನೊಮ್ಮೆ ಓದಿದೆ. ಇವಳೇ ಹೋಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ತೊಂದರೆ ಶುರುವಾದದ್ದು ಅಭ್ಯಾಸದಲ್ಲಿ. ಅವಳನ್ನು ಶಾಲೆಯ ಹಾಲ್‌ನಲ್ಲಿ ವೇದಿಕೆಯ ಮೇಲೆ ನಿಲ್ಲಿಸಿ ನಾನು ಹಿಂದಿನ ಬಾಗಿಲ ಹತ್ತಿರ ನಿಂತೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಮೂರನೇ ಬೆಂಚಿಗೂ ತಲುಪುತ್ತಿರಲಿಲ್ಲ. ‘ಕೇಳಸವಲ್ದು!’ ಎಂದು ನಾನು ಕೂಗುವುದು, ಅವಳು ತಲೆ ಆಡಿಸಿ ಮತ್ತೆ ಅದೇ ಪಿಸುದನಿಯಲ್ಲಿ ಹೇಳುವುದು, ದಿನಾ ಇದೇ ಆಯಿತು. ಉಪ್ಪುನೀರು ಮುಕ್ಕಳಿಸಲು ಹೇಳಿದೆ, ಮೈದಾನದಲ್ಲಿ ನಿಲ್ಲಿಸಿದೆ, ಗದರಿದೆ. ಹೆದರಿಕೆಯ ಹುಡುಗಿ ಎನ್ನಲೂ ಆಗದು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಹಳಿಯಾಳದಲ್ಲಿ ಮೈಕು ಇಲ್ಲ ಎಂದು ಗೊತ್ತಾದ ಮೇಲೆ ನನ್ನ ತಾಳ್ಮೆ ಮುಗಿಯಿತು. ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ, ಬರವಣಿಗೆ ಅಷ್ಟಕ್ಕಷ್ಟೆ, ಗಂಟಲು ಮಾತ್ರ ಗಟ್ಟಿ. ‘ಅಂವ ಹೋಗ್ಲಿ ಬಿಡು, ನೀ ಬರದದ್ದನ್ನ ಅಂವ ಹೇಳ್ತಾನ’ ಎಂದೆ.

‘ನಾನ ಹೇಳ್ತೇನ್ರಿ ಟೀಚರ್,’ ಎಂದಳು. ‘ಅದು ನಮ್ಮ ಮನಿ ಮಾತು ರೀ.’

ಅದನ್ನೂ ಪಿಸುದನಿಯಲ್ಲೇ ಹೇಳಿದಳು. ಆದರೆ ಅವಳಿಗೆ ಇದು ಎಷ್ಟು ಬೇಕಾಗಿದೆ ಎಂಬುದು ನನಗೆ ಅಂದು ತಿಳಿಯಿತು. ಸಿಸ್ಟರ್ ಬಳಿ ಹೋಗಿ ಹೇಳಿದೆ. ಅವರು, ‘ಒಮ್ಮೆ ಮನೆಗೆ ಹೋಗಿ ತಾಯಿಯನ್ನು ಕಾಣಿರಿ, ಆಮೇಲೆ ನೋಡೋಣ’ ಎಂದರು.

ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಊಟ ಮಾಡಿ ಹೊರಟೆ. ಬಂಗೂರನಗರದ ಹಿಂದಿನ ಒಂದು ಓಣಿಯಲ್ಲಿ ಅವರ ಬಾಡಿಗೆ ಮನೆ. ಹೊಸ್ತಿಲ ಹೊರಗೆ ನಿಂತು ನನ್ನ ಎಂದಿನ ದನಿಯಲ್ಲಿ, ‘ಮನ್ಯಾಗ ಅದೀರೇನ್ರಿ?’ ಎಂದು ಕೂಗಿದೆ.

ತಾಯಿ ಓಡಿ ಬಂದಳು. ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಂದಳು. ‘ಬರ್ರಿ ಅಕ್ಕೋರ, ಬರ್ರಿ’ ಎಂದು ಉಸಿರಿನಲ್ಲೇ ಕರೆದಳು. ಬಾಗಿಲ ಚಿಲಕಕ್ಕೆ ಹಳೆಯ ಸೀರೆಯ ಚೂರು ಸುತ್ತಿತ್ತು, ಸಪ್ಪಳವಾಗದ ಹಾಗೆ. ನಾನೂ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಒಳಗೆ ಹೋದೆ. ಹುಡುಗಿ ಮತ್ತು ಅವಳ ತಂಗಿ ಟಿವಿ ನೋಡುತ್ತಿದ್ದರು. ದನಿ ಪೂರ್ತಿ ಮುಚ್ಚಿತ್ತು. ಮೂಲೆಯಲ್ಲಿ ಹೊಲಿಗೆ ಮಷೀನು, ಅದರ ಮೇಲೆ ಬಟ್ಟೆ ಹೊದಿಸಿತ್ತು. ಒಳಗಿನ ಖೋಲಿಯ ಬಾಗಿಲು ಹಾಕಿತ್ತು. ತಾಯಿ ನೀರಿನ ಲೋಟವನ್ನು ನನ್ನ ಮುಂದೆ ಇಡುವಾಗ ಅದರ ಅಡಿಗೆ ಬೆರಳು ಕೊಟ್ಟು, ನಿಧಾನಕ್ಕೆ ಬೆರಳು ತೆಗೆದಳು. ಒಳಗೆ ಯಾರೋ ಕಾಯಿಲೆಯವರು, ಇಲ್ಲ ವಯಸ್ಸಾದವರು ಮಲಗಿದ್ದಾರೆ ಎಂದುಕೊಂಡೆ. ಹಳಿಯಾಳದ ವಿಷಯವನ್ನೆಲ್ಲ ಪಿಸುದನಿಯಲ್ಲೇ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಪಿಸುಗುಟ್ಟಿದ್ದಿಲ್ಲ, ಗಂಟಲು ಕೆರೆಯತೊಡಗಿತು.

ಕೊನೆಗೆ ಕೇಳಿದೆ. ‘ಒಳಗ ಯಾರ ಮಲಗ್ಯಾರ್ರಿ?’

ಅವಳು ನನ್ನನ್ನು ನೋಡಿದಳು. ಆ ಬಾಗಿಲನ್ನು ನೋಡಿದಳು.

‘ಯಾರೂ ಇಲ್ರಿ,’ ಎಂದಳು.

ಆಮೇಲೆ ತಡೆತಡೆದು ಹೇಳಿದಳು. ಗಂಡನಿಗೆ ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಉಂಡು ಮಲಗಿದರೆ ನಾಲ್ಕರ ತನಕ ಮನೆಯಲ್ಲಿ ಗಾಳಿಯೂ ಅಲ್ಲಾಡಬಾರದು. ‘ನಿದ್ದಿ ಕೆಟ್ರ ರಾತ್ರಿ ಮಷೀನ್ ಮುಂದ ಕಣ್ಣ ಮುಚ್ಚತಾವ್ರಿ. ಕೈ ಹೋದ್ರ ಏನ ಮಾಡೂದು? ಅದ ಹೆದರಿಕಿ ನನಗ. ಕುಕ್ಕರ್ ಇಡ್ತಿದ್ದಿಲ್ಲ, ಸೀಟಿ ಹೊಡಿತೈತಿ ಅಂತ. ಈ ಹುಡುಗ್ಯಾರು ಹುಟ್ಟಿದಾಗಿಂದ ಅಪ್ಪನ ನಿದ್ದಿ ಕಾಯ್ಕೋತ ಬೆಳದಾವ್ರಿ.’

‘ಈಗ?’ ಎಂದೆ.

‘ಈಗ ಯಾರ ಮೊದಲ ಜೋರ ಮಾತಾಡಬೇಕ್ರಿ ಅಕ್ಕೋರ? ನಾ ಆಡಬೇಕೋ, ಮಕ್ಕಳ ಆಡಬೇಕೋ? ಒಬ್ಬರೂ ಆಡಲಿಲ್ಲ. ಹಂಗ ಉಳೀತು.’

ಈಗ ಅವಳು ಹೊಲಿಗೆಯಿಂದ ಮನೆ ನಡೆಸುತ್ತಾಳೆ. ಆ ಮಷೀನನ್ನೂ ನಾಲ್ಕು ಬಡಿದ ಮೇಲೆಯೇ ತೆಗೆಯುತ್ತಾಳೆ. ಅಲ್ಲಿಯವರೆಗೆ ಕತ್ತರಿಸುವ ಕೆಲಸ, ಗುಂಡಿ ಹಚ್ಚುವ ಕೆಲಸ. ಗಿರಣಿಯವರ ಮಕ್ಕಳಿಗೆ ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಅವರ ಮನೆಗಳಲ್ಲಿ ಹಗಲು ಹೀಗಿರುತ್ತದೆ ಎಂದು ನನಗೆ ಒಬ್ಬರೂ ಹೇಳಿರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು. ನನಗೆ ಸಂಕಟವಾಯಿತು. ಹತ್ತನೇ ಕ್ಲಾಸಿನ ಹುಡುಗನೇ ಹೋಗಲಿ, ಇವರನ್ನು ಇವರಷ್ಟಕ್ಕೆ ಬಿಡೋಣ ಎನಿಸಿ ಎದ್ದೆ.

ತಾಯಿಯೂ ಎದ್ದಳು. ನನ್ನನ್ನು ಕಳಿಸಲು ಎದ್ದಳು ಎಂದುಕೊಂಡರೆ, ನೇರ ಹೋಗಿ ಆ ಖೋಲಿಯ ಬಾಗಿಲು ತೆಗೆದಳು. ಒಳಗೆ ಒಂದು ಮಂಚ, ಮಡಚಿಟ್ಟ ಹೊದಿಕೆ. ಹಗಲು ಬೆಳಕು ಬರದ ಹಾಗೆ ಕಿಟಕಿಗೆ ದಪ್ಪ ಕಂದು ಕಾಗದ ಅಂಟಿಸಿತ್ತು. ಮಗಳನ್ನು ಕರೆದು ಹೊಸ್ತಿಲ ಮೇಲೆ ನಿಲ್ಲಿಸಿದಳು.

‘ಇಲ್ಲಿ ನಿಂತ ಹೇಳು. ಅಕ್ಕೋರಿಗೆ ಹೆಂಗ ಬೇಕೋ ಹಂಗ ಹೇಳು.’

ಹುಡುಗಿ ಶುರು ಮಾಡಿದಳು. ‘ಜೋರ’ ಎಂದಳು ತಾಯಿ. ದನಿ ಒಂದು ಮೆಟ್ಟಿಲು ಏರಿತು. ತಂಗಿ ಅಭ್ಯಾಸಬಲದಿಂದ ‘ಶ್’ ಎಂದಳು. ‘ಇನ್ನೂ ಜೋರ,’ ಎಂದಳು ತಾಯಿ, ಈ ಸಲ ತಾನೂ ಜೋರಾಗಿಯೇ. ‘ಇನ್ನೊಬ್ಬರ ಅಪ್ಪ ಮನೆಗೆ ಬರುತ್ತಾನೆ’ ಎಂಬಲ್ಲಿ ಹುಡುಗಿಯ ದನಿ ಒಡೆಯಿತು. ನಿಂತಳು. ಮತ್ತೆ ಮೊದಲಿನಿಂದ ಹೇಳಿದಳು. ಕೊನೆ ಮುಟ್ಟುವ ಹೊತ್ತಿಗೆ ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಒಳಗೆ ಇಣುಕಿದರು. ನಾನು ಹುಡುಗಿಯನ್ನು ನೋಡುತ್ತಿದ್ದೆ. ತಾಯಿ ಮತ್ತು ಚಿಕ್ಕವಳು ಮಂಚವನ್ನು ನೋಡುತ್ತಿದ್ದರು.

ಹಳಿಯಾಳಕ್ಕೆ ತಾಯಿಯೂ ಬಂದಳು. ಮಷೀನು ಬಿಟ್ಟು ಬರಲಾಗದು ಎಂದವಳು, ಕೊನೆ ಗಳಿಗೆಯಲ್ಲಿ ಚಿಕ್ಕವಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ಓಡಿ ಬಂದಳು. ಸ್ಪರ್ಧೆಯಲ್ಲಿ ನಾವಿಬ್ಬರೂ ಕೊನೆಯ ಬೆಂಚಿನಲ್ಲಿ ಕೂತೆವು. ಹುಡುಗಿ ಹೆಸರು ಕರೆದಾಗ ಹೋಗಿ ನಿಂತು ಮೊದಲ ವಾಕ್ಯವನ್ನು ಎಂದಿನಂತೆ ನುಂಗಿದಳು. ತೀರ್ಪುಗಾರರೊಬ್ಬರು ಕಿವಿಗೆ ಕೈ ಹಚ್ಚಿದರು. ನನಗೆ ಎದ್ದು ಕೂಗಬೇಕು ಎನ್ನಿಸಿತು. ಅಷ್ಟರಲ್ಲಿ ಹುಡುಗಿ ಹಿಂದೆ ಕೂತ ತಾಯಿಯನ್ನು ನೋಡಿದಳು. ತಾಯಿ ಕೈ ಎತ್ತಿ, ‘ಹೇಳು’ ಎನ್ನುವ ಹಾಗೆ ತಲೆ ಆಡಿಸಿದಳು. ಹುಡುಗಿ ಮತ್ತೆ ಶುರುವಿನಿಂದ ಹೇಳಿದಳು. ನನ್ನ ಲೆಕ್ಕದಲ್ಲಿ ಅದು ದೊಡ್ಡ ದನಿಯೇನಲ್ಲ. ಆದರೆ ಒಂದೊಂದು ಮಾತೂ ನಮ್ಮ ಬೆಂಚಿನವರೆಗೆ ಬಂತು. ಮನೆಯಲ್ಲಿ ದನಿ ಒಡೆದಿದ್ದ ಆ ವಾಕ್ಯದಲ್ಲೂ ಅವಳು ನಿಲ್ಲಲಿಲ್ಲ.

ಬಹುಮಾನ ಬರಲಿಲ್ಲ. ತೀರ್ಪುಗಾರರ ಬಗ್ಗೆ ನಾನು ಬಸ್‌ಸ್ಟ್ಯಾಂಡಿನ ತನಕ ಏನೇನು ಬೈದೆನೋ ಅದನ್ನು ಇಲ್ಲಿ ಬರೆಯುವುದು ಬೇಡ. ಹುಡುಗಿ ನಗುತ್ತಿದ್ದಳು. ‘ಟೀಚರ್, ಎಲ್ಲಾರಿಗೂ ಕೇಳಿಸ್ತಲ್ರಿ? ಸಾಕ್ರಿ,’ ಎಂದಳು. ದಾಂಡೇಲಿ ಬಸ್ಸಿನಲ್ಲಿ ಕಿಟಕಿಯ ಹತ್ತಿರ ತಾಯಿ, ನಡುವೆ ಮಗಳು, ಈಚೆ ನಾನು. ಊರು ದಾಟಿ ಕಾಡು ಶುರುವಾಗುವ ತನಕ ತಾಯಿ ಹೊರಗೆ ನೋಡುತ್ತಿದ್ದಳು.

ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿನ ಸದ್ದಿಗಿಂತ ಮೇಲೆ ಕೇಳುವ ಹಾಗೆ ಹೇಳಿದಳು. ‘ಶನಿವಾರ ಖೋಲಿ ಬಾಗಿಲಾಗ ನಿಂತು ಅಷ್ಟ ಜೋರ ಹೇಳಿದ್ಲಲ್ರಿ ಅಕ್ಕೋರ. ಅವರು ಏಳಲಿಲ್ರಿ.’

ಹೇಳಿ ಅಳತೊಡಗಿದಳು. ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ. ಒಂದು ವರ್ಷದ ಅಳುವನ್ನು ಒಂದೇ ಸಲಕ್ಕೆ, ದನಿ ಬಿಟ್ಟು ಅತ್ತಳು. ಮುಂದಿನ ಸೀಟಿನವರೆಲ್ಲ ಹಿಂದೆ ತಿರುಗಿದರು, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಮಗಳು ತಾಯಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಸುಮ್ಮನಿರು ಎಂದು ಮಾತ್ರ ಹೇಳಲಿಲ್ಲ.