ಮುನೀರಾ ಬರೆದ ಒಂದು ಸುಳ್ಳು

ಗಜೇಂದ್ರಗಡದಲ್ಲಿ ಬಟ್ಟೆ ಹೊಲಿಯುತ್ತಿದ್ದ ಮುನೀರಾ, ಮಹಿಳಾ ಸಂಘವೊಂದರ ಪರವಾಗಿ ಹಳ್ಳಿಗಳಲ್ಲಿ ಸಾಲಿ ಬಿಟ್ಟ ಮಕ್ಕಳ ಗಣತಿ ಮಾಡುತ್ತಿದ್ದಳು. ೨೦೦೫ರ ಬೇಸಿಗೆಯಲ್ಲಿ ಲಕ್ಕಲಕಟ್ಟಿಗೆ ಹೋದಾಗ ಉಡಚವ್ವನ ಮನೆಗೆ ಕೀಲಿ ಬಿದ್ದಿತ್ತು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು ಕವಿತಾ ದುಡಿಯಲು ಗೋವಾಕ್ಕೆ ಗುಳೆ ಹೋಗಿದ್ದಾರೆಂದು ನೆರೆಮನೆಯವರು ಹೇಳಿದರು. ಸಾಲಿಯ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು ಇನ್ನೂ ಇತ್ತು. ಬಿಸಿಲಿಗೆ ಸೋತಿದ್ದ ಮುನೀರಾ 'ಸಾಲಿಗೆ ಹೋಗುತ್ತಾಳೆ' ಎಂದು ಬರೆದು ಮುಂದಿನ ಮನೆಗೆ ನಡೆದಳು.

ಮಳೆಗಾಲಕ್ಕೆ ಉಡಚವ್ವ ಮಗಳಿಲ್ಲದೆ ಮರಳಿದಳು. ಕಟ್ಟಡ ಕಟ್ಟುವಲ್ಲಿ ನೀರು ತುಂಬಿದ ತಗ್ಗಿಗೆ ಬಿದ್ದು ಕವಿತಾ ಸತ್ತಿದ್ದಳು. ಅಂದಿನಿಂದ ಮುನೀರಾ ಮಶೀನಿಗೆ ಕೂತರೆ ಸಾಕು, ಬೆನ್ನ ಹಿಂದೆ ಯಾರೋ ನಿಂತು ಉಸಿರಾಡಿದಂತಾಗುತ್ತಿತ್ತು. ತಿರುಗಿ ನೋಡಿದರೆ ಗೋಡೆ.

ಮರುವರ್ಷ ಹೊಸ ಶಿಕ್ಷಣ ಯೋಜನೆಗೆ ಸಂಘಗಳ ಸಲಹೆ ಕೇಳಲು ಗದಗಿನಲ್ಲಿ ಸಭೆ ಸೇರಿತು. ಅಧಿಕಾರಿಯೊಬ್ಬರು ಪಟ್ಟಿ ಓದಿದರು: "ಲಕ್ಕಲಕಟ್ಟಿ. ಸಾಲಿ ಬಿಟ್ಟವರು ಯಾರೂ ಇಲ್ಲ."

ಆ ಉಸಿರು ಈಗ ಕಿವಿಯ ಹತ್ತಿರವೇ ಕೇಳಿಸಿತು. ಮುನೀರಾ ಎದ್ದು ನಿಂತಳು.

"ಅದು ಸುಳ್ಳ ಐತ್ರಿ ಸಾಹೇಬ್ರ. ಬರದಾಕಿ ನಾನರಿ. ಸಾಲಿಗೆ ಹೋಗ್ತಾಳ ಅಂತ ನಾ ಬರದ ಹುಡುಗಿ ಗುಳೆ ಹೋಗಿ ಸತ್ತಳು. ಗುಳೆ ಹೋಗೋರ ಮಕ್ಕಳನ್ನ ಬ್ಯಾರೆ ಎಣಸ್ರಿ. ತಂದಿ-ತಾಯಿ ಹೋದಾಗ ಮಕ್ಕಳು ಊರಾಗ ಉಳ್ಯಾಕ ವಸತಿ ಸಾಲಿ ಕೊಡ್ರಿ."

ಅಧಿಕಾರಿ ಪೆನ್ನು ತೆಗೆದು, "ಇನ್ನೊಮ್ಮೆ ಹೇಳ್ರಿ" ಎಂದರು.

ಎರಡು ವರ್ಷಕ್ಕೆ ವಸತಿ ಸಾಲಿ ಶುರುವಾಯಿತು. ಆಗಷ್ಟೇ ಮುನೀರಾಗೆ ಉಡಚವ್ವನ ಮುಂದೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬಂತು. ಉಡಚವ್ವ ಕೇಳಿದಳು:

"ನೀವು ಖರೇ ಬರದಿದ್ರ ಆಕಿ ಉಳೀತಿದ್ದಳೇನ್ರಿ ಅಕ್ಕಾರ?"

ಮುನೀರಾ ಆಕೆಯ ಕೈ ಹಿಡಿದು ಕುಳಿತಳು.